ಕಾಯುವ ಬಲ ಕಲಿಸಿದ ಕಣಗಿನಹಾಳದ ಗೌಡರು

ತೊಗರಿ ರಾಶಿಯಾಗುವ ಹೊತ್ತಿಗೆ ಚೌಡಾಪುರದಂಥ ಊರಿನ ಸಣ್ಣ ರೈತನ ಮುಂದೆ ನಿಲ್ಲುವುದು ಒಂದೇ ಪ್ರಶ್ನೆ: ಈಗಲೇ ಮಾರುವುದೋ, ದರ ಏರುವವರೆಗೆ ಕಾಯುವುದೋ? ಬಿತ್ತನೆಯ ಸಾಲ ತಲೆಯ ಮೇಲಿದ್ದರೆ ಕಾಯುವ ಮಾತೇ ಇಲ್ಲ. ಎಲ್ಲರ ಮಾಲೂ ಒಮ್ಮೆಲೇ ಪೇಟೆಗೆ ಬಂದಾಗ ದರ ಕುಸಿಯುತ್ತದೆ. ದಾಸ್ತಾನು ಮಾಡಬಲ್ಲವರು ಗೆಲ್ಲುತ್ತಾರೆ.

ಈ ದೌರ್ಬಲ್ಯಕ್ಕೆ ಮದ್ದು ಹುಡುಕಿದವರಲ್ಲಿ ಅಗ್ರಗಣ್ಯರು ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು. 1843ರಲ್ಲಿ ಜನಿಸಿದ ಅವರ ಊರು ಗದಗ ಬಳಿಯ ಕಣಗಿನಹಾಳ. ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ಆ ಎರೆನೆಲದ ಸೀಮೆಯಲ್ಲಿ ಹತ್ತಿಯೇ ರೈತನ ರೊಕ್ಕದ ಬೆಳೆ. ಹತ್ತಿಯ ದರ ದೂರದ ಪೇಟೆಗಳಲ್ಲಿ ನಿರ್ಧಾರವಾಗುತ್ತಿತ್ತು. ಸಾಲಗಾರ ರೈತನಿಗಂತೂ ಹೊಲದಲ್ಲಿ ನಿಂತ ಬೆಳೆಯ ಮೇಲೂ ಪೂರ್ಣ ಹಕ್ಕಿರಲಿಲ್ಲ. 1876–78ರ ಭೀಕರ ಬರವನ್ನು ಕಂಡ ತಲೆಮಾರು ಗೌಡರದು.

1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು. ಮರುವರ್ಷವೇ, ಅರವತ್ತು ದಾಟಿದ್ದ ಗೌಡರು ತಮ್ಮ ಊರಿನಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಏಷ್ಯಾದ ಮೊದಲನೆಯದೆಂದು ಹೆಸರಾದ ಸಂಘವಿದು. ಗ್ರಾಮೀಣ ಸಂಘಗಳ ಸದಸ್ಯರ ಹೊಣೆಗೆ ಸಾಮಾನ್ಯವಾಗಿ ಮಿತಿಯಿರಲಿಲ್ಲ; ಸಂಘ ಮುಳುಗಿದರೆ ಸದಸ್ಯರ ಆಸ್ತಿಗೂ ಸಂಚಕಾರ. ಅಂಥ ವ್ಯವಸ್ಥೆಯಲ್ಲಿ ಹೆಚ್ಚು ಕಳೆದುಕೊಳ್ಳುವ ಭಯ ಉಳ್ಳವರಿಗೇ. ಊರಿನ ಗೌಡರೇ ಮುಂದೆ ನಿಂತದ್ದರ ಮಹತ್ವ ಇಲ್ಲಿದೆ.

ಆದರೆ ಆ ಕಾಯ್ದೆಗೆ ಸಾಲದಾಚೆಗೆ ದೃಷ್ಟಿ ಇರಲಿಲ್ಲ. ಅಗ್ಗದ ಸಾಲ ಸಿಕ್ಕರೂ ಮಾರುವಾಗ ರೈತ ಒಂಟಿಯೇ. 1912ರ ಕಾಯ್ದೆ ಮಾರಾಟಕ್ಕೂ ಸಹಕಾರದ ಬಾಗಿಲು ತೆರೆಯಿತು. ಆ ದಶಕದಲ್ಲಿಯೇ ಹುಬ್ಬಳ್ಳಿ, ಗದಗಗಳಲ್ಲಿ ಹತ್ತಿ ಮಾರಾಟ ಸಂಘಗಳು ಹುಟ್ಟಿ, ಸಣ್ಣ ಹಿಡುವಳಿದಾರರ ಹತ್ತಿಯನ್ನು ಒಟ್ಟಾಗಿ ಮಾರತೊಡಗಿದವು. ಹಳ್ಳಿಯಲ್ಲಿ ಮೊಳೆತ ವಿಚಾರ ಪೇಟೆಗೆ ಕಾಲಿಟ್ಟಿತು. 1933ರಲ್ಲಿ ಗೌಡರು ತೀರಿಕೊಳ್ಳುವ ವೇಳೆಗೆ ಸಹಕಾರ ಸಂಘಗಳು ದೇಶದ ಉದ್ದಗಲಕ್ಕೂ ಹಬ್ಬಿದ್ದವು.

ಇಂದು ಹಳ್ಳಿಗಾಡಿನಲ್ಲಿ ಸಹಕಾರ ಸಂಘಗಳಿಗೆ ಕೊರತೆಯಿಲ್ಲ. ಅವುಗಳಲ್ಲಿ ಎಷ್ಟೋ ಸಾಲ ಹಂಚುವ, ಚುನಾವಣೆ ನಡೆಸುವ ಕಟ್ಟೆಗಳಾಗಿಯೇ ಉಳಿದಿವೆ. 2019ರಲ್ಲಿ ಕಲಬುರಗಿ ತೊಗರಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಆ ಹೆಸರಿನ ಬೆಲೆ ಕೈಗೆ ಬರಬೇಕಾದರೆ ಚೌಡಾಪುರದ ರೈತನಿಗೆ ಗೋದಾಮು ಬೇಕು, ದಾಸ್ತಾನಿನ ಮೇಲೆ ಸಾಲ ಬೇಕು, ಜೊತೆಗೆ ನಿಂತು ಮಾರುವ ನೆರೆಯವರು ಬೇಕು. ಗೌಡರ ಜಯಂತಿಗೆ ಹಾರ ಹಾಕುವ ಸಂಘಗಳು ಈ ಬಾಕಿಯನ್ನೂ ತೀರಿಸಬೇಕಿದೆ.