ಸೋತವನೆನಿಸಿಕೊಂಡ ಗ್ಯಾರಿ ಕಿಲ್ಡಾಲ್

ಗ್ಯಾರಿ ಕಿಲ್ಡಾಲನನ್ನು ಸೋತವನೆಂದೇ ಚಿತ್ರಿಸುವುದು ವಾಡಿಕೆ, ನನಗದು ಸಮ್ಮತವಲ್ಲ. 1942ರಲ್ಲಿ ಸಿಯಾಟಲ್‌ನಲ್ಲಿ ಜನಿಸಿದ ಈತ ಮಾಂಟೆರೆಯ ನೌಕಾ ವಿದ್ಯಾಲಯದಲ್ಲಿ ಅಧ್ಯಾಪಕನಾಗಿದ್ದ. 1973ರಲ್ಲಿ ಇಂಟೆಲ್ ಸಂಸ್ಥೆಯ ಪುಟ್ಟ ಚಿಪ್‌ಗೆಂದು ಪಿಎಲ್/ಎಂ ಎಂಬ ಭಾಷೆಯನ್ನು ಕಟ್ಟಿದ. ಫೋರ್ಟ್ರಾನಿನಲ್ಲಿ ಬರೆದ ಅದರ ಕಂಪೈಲರು ದೊಡ್ಡ ಗಣಕದಲ್ಲಿ ಓಡಿ, ಆ ಚಿಪ್‌ಗೆ ತಿಳಿಯುವ ಸಂಕೇತಗಳನ್ನು ಹೆಣೆದುಕೊಡುತ್ತಿತ್ತು. ಮರುವರ್ಷ ಅದೇ ಭಾಷೆಯಲ್ಲಿ ಸಿಪಿ/ಎಂ ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು ರಚಿಸಿದ. ವ್ಯಾಕರಣವನ್ನು ತಾನೇ ಮಾಡಿ ಆಮೇಲೆ ಕಾವ್ಯ ಬರೆದವರು ನಮ್ಮಲ್ಲಿಯೂ ವಿರಳ!

1981ರಲ್ಲಿ ಐಬಿಎಂ ತನ್ನ ಕಿರುಗಣಕವನ್ನು ಹೊರತಂದಾಗ ಡಾಸ್‌ನ ಬೆಲೆ 40 ಡಾಲರ್. ಅದಕ್ಕೆಂದೇ ಬಂದ ಸಿಪಿ/ಎಂ-86ರದು 240. ಜನ ಅಗ್ಗದ್ದನ್ನೇ ಕೊಂಡರು. 1994ರಲ್ಲಿ, 52ನೆಯ ವಯಸ್ಸಿನಲ್ಲಿ, ಕಿಲ್ಡಾಲ್ ತೀರಿಕೊಂಡ. ಆದರೂ ಸಿಪಿ/ಎಂ ಮೇಲೆ ಹಳೆಯ ಕಂಪೈಲರುಗಳು ಇಂದಿಗೂ ಓಡುತ್ತವೆ. ರಾಜಾನುಕುಂಟೆಯ ನಮ್ಮ ಮನೆಯ ಗಣಕದಲ್ಲಿ, ಎಮ್ಯುಲೇಟರಿನ ನೆರವಿನಿಂದ, ನಾನೇ ಟರ್ಬೊ ಪ್ಯಾಸ್ಕಲನ್ನು ಓಡಿಸಿ ನೋಡಿದ್ದೇನೆ.