ಗುದ್ದಲಿಯ ಸೈನಿಕ ಪಿಯರ್ ಸೆರೆಸೋಲ್

ಪರದೇಶಕ್ಕೆ ಹೋಗಿ ಊರುಗಳನ್ನು ಹಾಳುಗೆಡವಿದವರ ಚರಿತ್ರೆಯನ್ನು ನಾವು ಪಠ್ಯಪುಸ್ತಕಗಳಲ್ಲಿ ಬೇಕಾದಷ್ಟು ಓದಿದ್ದೇವೆ. ಅಲೆಕ್ಸಾಂಡರನ ದಂಡಯಾತ್ರೆ, ನೆಪೋಲಿಯನ್ನನ ಯುದ್ಧಗಳು ನಮಗೆ ಬಾಯಿಪಾಠವಾಗಿವೆ. ಆದರೆ ಮುಖಪರಿಚಯವೂ ಇಲ್ಲದವರ ಬಿದ್ದ ಮನೆಯನ್ನು ಎತ್ತಿ ನಿಲ್ಲಿಸಲು ಗುದ್ದಲಿ ಹೊತ್ತು ಗಡಿ ದಾಟಿದವನ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಸ್ವಿಟ್ಜರ್ಲೆಂಡಿನ ಪಿಯರ್ ಸೆರೆಸೋಲ್ ಅಂಥವನೊಬ್ಬ.

ಈತನು 1879ರ ಆಗಸ್ಟ್ 17ರಂದು ಲೊಸಾನ್ ನಗರದಲ್ಲಿ ಜನಿಸಿದನು. ತಂದೆ ಪಾಲ್ ಸೆರೆಸೋಲ್ 1873ರಲ್ಲಿ ಸ್ವಿಟ್ಜರ್ಲೆಂಡಿನ ಅಧ್ಯಕ್ಷನಾಗಿದ್ದವನು. ಅಂಥ ಮನೆತನದಲ್ಲಿ ಹುಟ್ಟಿ, ಜ್ಯೂರಿಚ್ಚಿನಲ್ಲಿ ಎಂಜಿನಿಯರಿಂಗ್ ಓದಿದವನಿಗೆ ಸುಖಜೀವನಕ್ಕೆ ಯಾವ ಅಡ್ಡಿಯೂ ಇರಲಿಲ್ಲ. ಅವನು ಅಮೆರಿಕ, ಹವಾಯಿ, ಜಪಾನ್‌ಗಳನ್ನು ಸುತ್ತಿ, ಅಲ್ಲಲ್ಲಿ ದುಡಿದು, 1914ರಲ್ಲಿ ಊರಿಗೆ ಮರಳಿದನು. ಅದೇ ವರ್ಷ ಮಹಾಯುದ್ಧ ಹೊತ್ತಿಕೊಂಡಿತು. ತಾನು ದುಡಿಯದೆ ಬಂದ ಪಿತ್ರಾರ್ಜಿತ ಹಣವನ್ನು ಸೆರೆಸೋಲ್ ಸರ್ಕಾರಕ್ಕೆ ಒಪ್ಪಿಸಿಬಿಟ್ಟನು. ಆದರೆ ಸೈನ್ಯಕ್ಕೆಂದು ಕೇಳಿದ ತೆರಿಗೆಯನ್ನು ಮಾತ್ರ ಕೊಡಲೊಲ್ಲದೆ ಸೆರೆಮನೆ ಸೇರಿದನು. ಅಧ್ಯಕ್ಷನ ಮಗನು ಕೈದಿಯಾದದ್ದನ್ನು ಕಂಡು ನೆಂಟರಿಷ್ಟರು ನೊಂದುಕೊಂಡಿದ್ದರೆ ಆಶ್ಚರ್ಯವಿಲ್ಲ.

ಯುದ್ಧ ಬೇಡವೆನ್ನುವುದು ಸುಲಭ. ಅದರ ಬದಲಿಗೆ ಏನು ಮಾಡಬೇಕೆಂಬುದೇ ಕಷ್ಟದ ಪ್ರಶ್ನೆ. 1919ರಲ್ಲಿ ಹಾಲೆಂಡಿನ ಬಿಲ್ಟ್‌ಹೋವನ್ನಿನಲ್ಲಿ ಹಲವು ದೇಶಗಳ ಶಾಂತಿಪ್ರಿಯರು ಸಭೆ ಸೇರಿದರು. ಭಾಷಣ, ನಿರ್ಣಯಗಳಿಂದ ಸೆರೆಸೋಲನಿಗೆ ತೃಪ್ತಿಯಾಗಲಿಲ್ಲ. 1920ರ ನವೆಂಬರಿನಲ್ಲಿ ಬೆರಳೆಣಿಕೆಯ ಸಂಗಡಿಗರೊಂದಿಗೆ ಅವನು ಫ್ರಾನ್ಸಿನ ವೆರ್ದೂನ್ ಬಳಿಯ ಎಸ್ನ್ ಎಂಬ ಹಳ್ಳಿಗೆ ಹೋದನು. ಆ ಹಳ್ಳಿ ತೋಪುಗಳ ಹೊಡೆತಕ್ಕೆ ನೆಲಸಮವಾಗಿತ್ತು. ಚಳಿಯಲ್ಲಿ ಮರದ ಮನೆಗಳನ್ನು ಕಟ್ಟುವುದು, ಗುಂಡು ಬಿದ್ದು ಆದ ಹಳ್ಳಗಳನ್ನು ಮುಚ್ಚುವುದು, ದಾರಿಗಳನ್ನು ಸರಿಪಡಿಸುವುದು ಅವರ ನಿತ್ಯದ ಕೆಲಸವಾಯಿತು. ಸ್ವಿಸ್ಸರು, ಇಂಗ್ಲಿಷರೊಡನೆ ಅಲ್ಲಿ ಜರ್ಮನರೂ ಇದ್ದರು. ಜರ್ಮನ್ ಸೈನ್ಯ ಕೆಡವಿದ್ದನ್ನು ಜರ್ಮನ್ ಕೈಯೇ ಕಟ್ಟಲೆಂಬುದು ಅವರ ಆಸೆ.

ಆದರೆ ಐದು ತಿಂಗಳಾಗುವಷ್ಟರಲ್ಲಿ ಕೆಲಸ ನಿಂತಿತು. ಜರ್ಮನರ ಇರುವಿಕೆಯನ್ನು ಆ ಸೀಮೆ ಸಹಿಸಲಿಲ್ಲ. ಅವರನ್ನು ಕಳುಹಿಸಿ ಉಳಿದವರು ಕೆಲಸ ಮುಂದುವರಿಸಬಹುದಿತ್ತು. ಆದರೆ ಹಾಗೆ ಮಾಡಿದರೆ ಮನೆ ಉಳಿಯುತ್ತಿತ್ತೇ ಹೊರತು ಉದ್ದೇಶ ಉಳಿಯುತ್ತಿರಲಿಲ್ಲ. ತಂಡವೆಲ್ಲ ಹೊರಟುಹೋಯಿತು. ಆ ಹಳ್ಳಿಯವರನ್ನು ನಾವು ದೂರುವಂತಿಲ್ಲ. ಮಗನನ್ನು ಮಣ್ಣು ಮಾಡಿದ ತಾಯಿ, ಕೊಂದವರ ಕಡೆಯವನು ಕಟ್ಟಿದ ಗೋಡೆಯೊಳಗೆ ಅಷ್ಟು ಬೇಗ ನೆಮ್ಮದಿಯಾಗಿ ಮಲಗಲಾರಳು. ಕೊಡುವವನ ಮನಸ್ಸು ಶುದ್ಧವಾಗಿದ್ದರೆ ಸಾಲದು. ಪಡೆಯುವವನ ಮನಸ್ಸೂ ಸಿದ್ಧವಾಗಬೇಕು. ಎಸ್ನ್ ಕಲಿಸಿದ ಪಾಠ ಅದೇ.

ಸೆರೆಸೋಲ್ ಎದೆಗುಂದಲಿಲ್ಲ. 1924ರಲ್ಲಿ ಆಲ್ಪ್ಸಿನ ಕಣಿವೆಯೊಂದು ಹಿಮಕುಸಿತದಿಂದ ನಾಶವಾದಾಗ ಮತ್ತೆ ತಂಡ ಕಟ್ಟಿದನು. ಈ ಸಲ ಸೈನ್ಯದಲ್ಲಿ ಕರ್ನಲ್ ಆಗಿದ್ದ ಅವನ ಅಣ್ಣತಮ್ಮಂದಿರಲ್ಲೊಬ್ಬನಾದ ಅರ್ನೆಸ್ಟನೇ ಜೊತೆಗೆ ನಿಂತನು. ರೈನ್ ನದಿಯ ಪ್ರವಾಹದಿಂದ ನೊಂದ ಲಿಕ್ಟನ್‌ಸ್ಟೈನಿಗೆ 1928ರಲ್ಲಿ 700ಕ್ಕೂ ಹೆಚ್ಚು ಸ್ವಯಂಸೇವಕರು ಬಂದು ಹೊಲಗಳಲ್ಲಿ ತುಂಬಿದ್ದ ಮರಳು, ಕಲ್ಲುಗಳನ್ನು ಹೊತ್ತು ಹಾಕಿದರು. ಸರ್ವಿಸ್ ಸಿವಿಲ್ ಇಂಟರ್‌ನ್ಯಾಷನಲ್ ಎಂಬ ಸಂಸ್ಥೆ ಹೀಗೆ ಬೇರೂರಿತು.

ನಮ್ಮ ದೇಶಕ್ಕೂ ಆತನ ಋಣವಿದೆ. 1934ರ ಜನವರಿ 15ರ ಮಧ್ಯಾಹ್ನ ಬಿಹಾರದಲ್ಲಿ ಭೂಮಿ ನಡುಗಿ 7000ಕ್ಕೂ ಹೆಚ್ಚು ಜನ ಸತ್ತರು. ನೆಲ ಬಿರಿದು ಉಕ್ಕಿದ ಮರಳು ಹೊಲಗಳನ್ನು ಮುಚ್ಚಿತು. ನೆಲದ ಮಟ್ಟ ಬದಲಾಗಿ ಎಷ್ಟೋ ಹಳ್ಳಿಗಳಿಗೆ ನೆರೆಯ ಭಯ ಹೆಚ್ಚಿತು. 1931ರಲ್ಲಿ ಸ್ವಿಟ್ಜರ್ಲೆಂಡಿಗೆ ಬಂದಿದ್ದ ಗಾಂಧೀಜಿಯವರನ್ನು ಕಂಡಿದ್ದ ಸೆರೆಸೋಲ್ ಈಗ ತಾನೇ ಭಾರತಕ್ಕೆ ಬಂದು, ಪರಿಹಾರ ಕಾರ್ಯದ ಹೊಣೆ ಹೊತ್ತಿದ್ದ ರಾಜೇಂದ್ರ ಪ್ರಸಾದರನ್ನು ಭೇಟಿಯಾದನು. ಮತ್ತೆ ಕೆಲವೇ ಸಂಗಡಿಗರೊಡನೆ ಬಂದು ಮುಜಫರ್‌ಪುರ ಸೀಮೆಯಲ್ಲಿ, ನೆರೆ ಮುಟ್ಟದ ಎತ್ತರದ ಜಾಗದಲ್ಲಿ, ಗ್ರಾಮಸ್ಥರೊಂದಿಗೆ ಹೊಸ ಊರು ಕಟ್ಟಲು ನಿಂತನು. ಆ ಊರಿಗೆ ಶಾಂತಿಪುರವೆಂದು ಹೆಸರಾಯಿತು. ಆಗ ಅವನ ವಯಸ್ಸು 55.

ಇಲ್ಲೊಂದು ಆಕ್ಷೇಪಣೆ ಏಳುತ್ತದೆ. ಬಿಹಾರದಲ್ಲಿ ಕೂಲಿಯಾಳುಗಳಿಗೆ ಬರವಿತ್ತೆ? ಹಡಗಿನ ಖರ್ಚನ್ನೇ ಕಳುಹಿಸಿದ್ದರೆ ಇನ್ನೂ ಕೆಲವು ಮನೆಗಳು ಏಳುತ್ತಿರಲಿಲ್ಲವೆ? ಲೆಕ್ಕದ ದೃಷ್ಟಿಯಿಂದ ಈ ಮಾತು ಸರಿ. ಆದರೆ ಆಗ ನಮ್ಮನ್ನು ಆಳುತ್ತಿದ್ದವರು ಬಿಳಿಯರು. ಬಿಳಿಯನೆಂದರೆ ಕುರ್ಚಿಯ ಮೇಲೆ ಕುಳಿತು ಅಪ್ಪಣೆ ಕೊಡುವವನು ಎಂದೇ ತಿಳಿದಿದ್ದ ರೈತನು, ಅಂಥವನೊಬ್ಬನು ಬಿಸಿಲಲ್ಲಿ ತನ್ನ ಪಕ್ಕದಲ್ಲೇ ಮಣ್ಣು ಅಗೆಯುವುದನ್ನು ಕಂಡನು. ಮನಿಯಾರ್ಡರು ಈ ಕೆಲಸವನ್ನು ಮಾಡಲಾರದು. ಎಸ್ನ್‌ನಲ್ಲಿ ದೊರೆಯದೆ ಹೋದ ಒಪ್ಪಿಗೆ, ಮನೆಯ ಒಡೆಯನೇ ಜೊತೆಗೆ ದುಡಿದ ಶಾಂತಿಪುರದಲ್ಲಿ ದೊರೆಯಿತು.

ಎರಡನೆಯ ಮಹಾಯುದ್ಧದಲ್ಲಿಯೂ ಅವನು ಸುಮ್ಮನಿರಲಿಲ್ಲ. ಶಾಂತಿಯ ಮಾತು ಹೇಳಲೆಂದು ಅಪ್ಪಣೆಯಿಲ್ಲದೆ ಜರ್ಮನಿಯ ಗಡಿ ದಾಟಿ ಮತ್ತೆ ಸೆರೆಮನೆ ಕಂಡನು. 1945ರ ಅಕ್ಟೋಬರ್ 23ರಂದು, ಯುದ್ಧ ಮುಗಿದ ಕೆಲವೇ ವಾರಗಳಲ್ಲಿ ತೀರಿಕೊಂಡನು.

ಮಿತ್ರರೇ, ನಾವೂ ಶ್ರಮದಾನದ ಶಿಬಿರಗಳಿಗೆ ಹೋಗುತ್ತೇವೆ. ಒಂದು ಗುಂಡಿ ತೋಡಿ, ಹತ್ತು ಭಾವಚಿತ್ರ ತೆಗೆಸಿಕೊಂಡು ಬರುತ್ತೇವೆ. ನಾವು ಯಾರಿಗಾಗಿ ತೋಡಿದೆವೋ ಅವರ ಹೆಸರು ನಮಗೆ ಗೊತ್ತಿರುವುದಿಲ್ಲ. ಮುಂದಿನ ಶಿಬಿರದಲ್ಲಿ ಮಣ್ಣಿನ ಬುಟ್ಟಿ ಎತ್ತುವಾಗ ಅದರ ಇನ್ನೊಂದು ಬದಿಯನ್ನು ಹಿಡಿಯಲು ಆ ಮನೆಯವರನ್ನೇ ಕರೆಯೋಣ. ಸೆರೆಸೋಲನ ಹೆಸರನ್ನು ಮರೆತರೂ ಅವನ ಕೆಲಸವನ್ನು ಆಗ ನಾವು ನೆನೆದಂತಾಗುತ್ತದೆ.