ಚಂದಮಾಮದ ಆಚಾರ್ಯರು

ಪುಣೆಯ ವಾಡೆಯಲ್ಲಿ ನಮ್ಮ ಮನೆಗೆ ಕನ್ನಡದ ಚಂದಮಾಮ, ಪಕ್ಕದ ಮನೆಗೆ ಮರಾಠಿಯ ಚಾಂದೋಬಾ ಬರುತ್ತಿತ್ತು. ಎರಡರ ಮುಖಪುಟದಲ್ಲೂ ಮಹಾಭಾರತದ ಅದೇ ಚಿತ್ರ! ಅದು ನಮ್ಮದೋ ನಿಮ್ಮದೋ ಎಂದು ಗೆಳತಿಯೊಡನೆ ಜಗಳವಾಡಿದ್ದೂ ಉಂಟು. ಬರೆದವರು ಕನ್ನಡಿಗರಾದ ಎಂ.ಟಿ.ವಿ. ಆಚಾರ್ಯರೆಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

1920ರಲ್ಲಿ ಹುಟ್ಟಿದ ಅವರು ಮದರಾಸಿಗೆ ಹೋಗಿ ಚಂದಮಾಮ ಸೇರಿದರು. ನಾಗಿರೆಡ್ಡಿ, ಚಕ್ರಪಾಣಿಯವರು 1947ರಲ್ಲಿ ತೆಲುಗು, ತಮಿಳಿನಲ್ಲಿ ಆರಂಭಿಸಿದ ಪತ್ರಿಕೆ ಅದು. ಮುಂದೆ ಹಲವು ಭಾಷೆಗಳಿಗೆ ಹಬ್ಬಿತು. ಚಿತ್ರಗಳು ಮಾತ್ರ ಎಲ್ಲಕ್ಕೂ ಅವೇ. ಭೀಮನ ಮೈಕಟ್ಟು, ದ್ರೌಪದಿಯ ಮುಖ ಹೀಗೇ ಎಂದು ಎಷ್ಟು ಮಕ್ಕಳ ಮನಸ್ಸಿನಲ್ಲಿ ಅಚ್ಚೊತ್ತಿತೋ! ಟಿವಿಯಲ್ಲಿ ಮಹಾಭಾರತ ಬಂದಾಗ ಅಲ್ಲಿನ ಭೀಮ ನನಗಂತೂ ಒಪ್ಪಿಗೆಯಾಗಲೇ ಇಲ್ಲ.

ಆಮೇಲೆ ಬೆಂಗಳೂರಿನಲ್ಲಿ ನೆಲೆಸಿ ಅಂಚೆಯ ಮೂಲಕ ಚಿತ್ರಕಲೆ ಕಲಿಸಿದರು. ನನ್ನ ಮಟ್ಟಿಗೆ ಇದೇ ದೊಡ್ಡ ಕೆಲಸ. ಹೆಣ್ಣುಮಕ್ಕಳನ್ನು ಕಲಾಶಾಲೆಗೆ ಕಳಿಸದ ಮನೆಗೂ ಅಂಚೆಯವನು ಬರುತ್ತಿದ್ದನಲ್ಲ! ನನಗೆ ಆಗ ಈ ಸಂಗತಿ ಗೊತ್ತಿದ್ದರೆ, ಎಂದು ಈಗಲೂ ಅನಿಸುತ್ತದೆ.

ಆಚಾರ್ಯರು 1992ರಲ್ಲಿ ತೀರಿಕೊಂಡರು. ಅಪ್ಪ ಬೈಂಡ್ ಮಾಡಿಸಿಟ್ಟಿದ್ದ ಚಂದಮಾಮಗಳು ನನ್ನ ಬಳಿ ಇವೆ. ಮೊಮ್ಮಗಳಿಗೆ ಕನ್ನಡ ಓದಲು ಬಾರದು. ಮುಖಪುಟದ ಮೇಲೆ ಬೆರಳಿಟ್ಟು, ಇದು ಯಾರು ಅಜ್ಜಿ, ಎಂದು ಕೇಳುತ್ತಾಳೆ. ನಾನು ಕಥೆ ಶುರುಮಾಡುತ್ತೇನೆ.